ಹೊತ್ತು ಮುಳುಗಿದ ಮೇಲಿನ ಊಟ

ಕಾಕೂನ ಎಡಗಿವಿಯ ಹಾಲೆ ಬಲಗಿವಿಯದಕ್ಕಿಂತ ಉದ್ದವಾಗಿತ್ತು. ಸಿಟ್ಟು ಬಂದರೆ, ಯೋಚನೆಗೆ ಬಿದ್ದರೆ, ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದಾರೆಂದು ಅನಿಸಿದರೆ ಆಕೆ ಅದನ್ನು ಹಿಡಿದು ಜಗ್ಗುತ್ತಿದ್ದಳು. ಓಲೆ ಬಿಚ್ಚಿಟ್ಟು ಎಷ್ಟೋ ಕಾಲವಾಗಿತ್ತು. ತೂತು ಮಾತ್ರ ಹಿಗ್ಗಿಕೊಂಡು, ಅದರೊಳಗಿಂದ ಆಚೆ ಬದಿಯ ಬೆಳಕು ಕಾಣುತ್ತಿತ್ತು. ಗೋಕಾಕದ ಮಾಮಲೇದಾರ ಕಚೇರಿಯ ಎದುರು ಖಾನಾವಳಿ ನಡೆಸುತ್ತಿದ್ದ ಈ ಜೈನ ವಿಧವೆಯನ್ನು ಊರೆಲ್ಲ ಕಾಕೂ ಎನ್ನುತ್ತಿತ್ತು. ನನ್ನನ್ನು ಹೆತ್ತವಳು ಬೇರೆ, ಮನುಷ್ಯಳನ್ನಾಗಿ ಮಾಡಿದವಳು ಈಕೆ.

ಹೆತ್ತವರ ಮಾತನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ನಾನು ಕೊಲೆಗಾರರ ಮಗಳು. ಹಾಗೆನ್ನಲು ಈಗ ನನ್ನ ನಾಲಿಗೆ ತಡವರಿಸುವುದಿಲ್ಲ. ಕಲ್ಲೋಳಿಯ ಆಚೆ, ಮೂಡಲಗಿಗೆ ಹೋಗುವ ಗಾಡಿದಾರಿಯ ಮಗ್ಗುಲಿಗೆ ನಮ್ಮ ಗುಡಿಸಲಿತ್ತು. ದಣಿದು ಬಂದ ಒಂಟಿ ದಾರಿಹೋಕರನ್ನು ಅವ್ವ ನಗುನಗುತ್ತ ಕರೆದು ಕೂರಿಸುತ್ತಿದ್ದಳು. ರೊಟ್ಟಿಯ ಜೊತೆ ನೀಡುವ ಬೇಳೆಯಲ್ಲಿ ದತ್ತೂರಿ ಬೀಜ ಅರೆದು ಬೆರೆಸುತ್ತಿದ್ದಳು. ಉಂಡವರು ಮತ್ತೆ ಏಳುತ್ತಿರಲಿಲ್ಲ. ಅವರ ಗಂಟು ನಮ್ಮ ಮನೆ ಸೇರುತ್ತಿತ್ತು, ಅವರನ್ನು ಅಪ್ಪ ಹಿತ್ತಲಿನ ಹಾಳು ಬಾವಿಗೆ ಹಾಕುತ್ತಿದ್ದ. ಒಬ್ಬಿಬ್ಬರನ್ನಲ್ಲ, ವರ್ಷಗಟ್ಟಲೆ ಇದೇ ನಡೆಯಿತು. ಬಂದವರಿಗೆ ಕುಡಿಯಲು ನೀರು ಕೊಡುವುದು ನನ್ನ ಕೆಲಸ. ಹಾಲುಹಲ್ಲು ಬೀಳುತ್ತಿದ್ದ ವಯಸ್ಸು ನನ್ನದು. "ಮಂದಿ ಉಂಡ ಮ್ಯಾಲೆ ಮಲಕ್ಕೋತಾರ, ನೀ ಹೊರಗ ಆಡಾಕ ಹೋಗು" ಎನ್ನುತ್ತಿದ್ದಳು ಅವ್ವ. ಆಡಿ ಬರುವಷ್ಟರಲ್ಲಿ ಅವರು ಇರುತ್ತಿರಲಿಲ್ಲ. ತಮ್ಮ ಊರಿಗೆ ಹೋದರು ಅಂದುಕೊಳ್ಳುತ್ತಿದ್ದೆ.

ಕಡೆಗೆ ಎಲ್ಲ ಬಯಲಾಯಿತು. ಅಪ್ಪನಿಗೆ ಗಲ್ಲಾಯಿತು, ಅವ್ವ ಜೈಲಿನಲ್ಲೇ ತೀರಿಕೊಂಡಳು. ನನ್ನ ತಲೆ ಬಾಚುವಾಗ ಅವ್ವನ ಕೈ ಬಹಳ ಮೆತ್ತಗಿರುತ್ತಿತ್ತು ಎಂಬುದೂ ಖರೆ. ಏನು ಮಾಡಲಿ, ಎರಡೂ ಖರೆ.

ಅವರನ್ನು ಹಿಡಿದ ಕಾಲಕ್ಕೆ ನನ್ನನ್ನು ಸಾಕ್ಷಿಯೆಂದು ಗೋಕಾಕಕ್ಕೆ ತಂದು ಕಚೇರಿಯ ಕಟ್ಟೆಯ ಮೇಲೆ ಕೂರಿಸಿದ್ದರು. ನೋಡಲು ಬಂದ ಜನವೋ ಜನ. ಹತ್ತಿರ ಮಾತ್ರ ಒಬ್ಬರೂ ಬರಲಿಲ್ಲ. ಬಿಸಿಲಿಗೆ ಗಂಟಲು ಒಣಗಿ ನೀರು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಿನ ಬಾಗಿಲಿನಿಂದ ಒಂದು ಬಿಳಿ ಸೀರೆ ಹೊರಬಂದು, ದಾರಿ ದಾಟಿ, ಗುಂಪನ್ನು ಸೀಳಿಕೊಂಡು ನನ್ನ ಮುಂದೆ ನಿಂತಿತು.

"ಯಾರ ಪೋರಿ ನೀ?"

ಅಪ್ಪನ ಹೆಸರು ಹೇಳಿದೆ. ಆಕೆ ಕಿವಿ ಜಗ್ಗಿದಳು.

"ಅದನ್ನ ಕೇಳಲಿಲ್ಲ. ಹೊಟ್ಟಿ ಹಸದೈತೇನು? ಹಂಗಾರ ಬಾ. ನನಗ ನೀರ ಸೋಸಾಕ ಒಂದ ಕೈ ಬೇಕಾಗೈತಿ."

ನೀರು ಸೋಸುವುದೆಂದರೆ ಆ ಮನೆಯಲ್ಲಿ ಪೂಜೆಗಿಂತ ದೊಡ್ಡ ಕೆಲಸ. ಬಾವಿಯಿಂದ ಸೇದಿದ ನೀರನ್ನು ದಪ್ಪ ಅರಿವೆ ಮಡಚಿ ಕಟ್ಟಿ ಸೋಸಬೇಕು. ಆಮೇಲೆ ಆ ಅರಿವೆಯನ್ನು ಮಗುಚಿ, ಸೋಸಿದ ನೀರನ್ನೇ ಹಾಕಿ, ಕಣ್ಣಿಗೆ ಕಾಣದ ಹುಳಹುಪ್ಪಡಿ ಏನಿದ್ದರೂ ಅದನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು. ಎತ್ತರದಿಂದ ಸುರಿದರೆ ಬೈಗಳು ತಪ್ಪುತ್ತಿರಲಿಲ್ಲ. "ನಿನ್ನನ್ನ ಯಾರರೆ ಮಾಳಿಗಿ ಮ್ಯಾಲಿಂದ ಒಗದ್ರ ಹೆಂಗ ಆಗತೈತಿ?" ನಮ್ಮಪ್ಪ ಬಾವಿಗೆ ಏನು ಹಾಕಿದನೋ ಅದು ಊರಿಗೆಲ್ಲ ಗೊತ್ತು. ಅವನ ಮಗಳ ಕೈಗೇ ಈಕೆ ಬಾವಿಯ ಹಗ್ಗ ಕೊಟ್ಟಳು. ಬೇಕೆಂದೇ ಕೊಟ್ಟಳೋ, ಕೈ ಸಾಲದೆ ಕೊಟ್ಟಳೋ, ನಾನು ಕೇಳಲಿಲ್ಲ. ಕೇಳಿದ್ದರೆ ಕಿವಿ ಜಗ್ಗುತ್ತಿದ್ದಳು, ಅಷ್ಟೇ.

ಒಲೆಗೆ ಇಡುವ ಮೊದಲು ಪ್ರತಿ ಕಟ್ಟಿಗೆಯನ್ನೂ ನೆಲಕ್ಕೆ ಕುಟ್ಟಿ ಇರುವೆಗಳೊಡನೆ ಮಾತಾಡುವಳು: "ಹೊರಗ ಬರ್ರಿ ಯಪ್ಪಾ, ಲಗೂನ ಬರ್ರಿ, ಬೆಂಕಿ ಹಚ್ಚಬೇಕಾಗೈತಿ." ಇರುವೆಗೆ ಇಷ್ಟು ಮರ್ಯಾದೆ ಕೊಡುವವಳು ಮನುಷ್ಯರಿಗೆ ಕೊಡುತ್ತಿದ್ದಳೆಂದು ತಿಳಿಯಬೇಡಿ. ಅವಳ ಅಡಿಗೆಯಲ್ಲಿ ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಗೊಣಗಿದವರಿಗೆ ಬಾಗಿಲು ತೋರಿಸುವಳು. ಇನ್ನು ಹೊತ್ತು ಮುಳುಗಿದ ಮೇಲೆ ಉಣ್ಣುವುದು, ಉಣಿಸುವುದು ಎರಡೂ ಇಲ್ಲ. ಬುದ್ಧಿ ಬಂದಾಗಿನಿಂದ ಆಕೆ ಕತ್ತಲಲ್ಲಿ ಒಂದು ಗುಟುಕು ನೀರನ್ನೂ ಮುಟ್ಟಿದವಳಲ್ಲ. ಜ್ವರದಲ್ಲಿ ಬಾಯಿ ಒಣಗಿ ನರಳಿದಾಗಲೂ ಬೆಳಗಾಗಲಿ ಎಂದು ಕಾದವಳು. ಸ್ವತಃ ಮಾಮಲೇದಾರರು ಒಮ್ಮೆ ತಡವಾಗಿ ಬಂದು ನಿಂತಾಗ ಆಕೆ ಒಳಗಿನಿಂದಲೇ ಹೇಳಿದ್ದಳು: "ಹೊತ್ತ ಮುಣಗೈತಿ ಸಾಹೇಬ್ರ, ಒಲಿ ಮಲಗೈತಿ. ನಾಳಿ ಬರ್ರಿ."

ನಾನು ಬಂದ ಮೇಲೆ ಗಿರಾಕಿಗಳು ಅರ್ಧಕ್ಕರ್ಧ ಬಿಟ್ಟುಹೋದರು. ಉಳಿದವರೂ ನಾನು ಲೋಟ ಇಟ್ಟರೆ ಮುಟ್ಟುತ್ತಿರಲಿಲ್ಲ. ಕಾಕೂ ನನ್ನನ್ನು ಒಳಗೆ ಅಡಗಿಸಲಿಲ್ಲ. ಅದರ ಬದಲು ಪಂಕ್ತಿಯ ನಡುವೆ ನಿಂತು, ನನ್ನಿಂದ ನೀರು ಇಸಿದುಕೊಂಡು ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಎಲ್ಲರನ್ನೂ ಒಮ್ಮೆ ನೋಡುವಳು. ಆ ನೋಟಕ್ಕೆ ಹೆದರಿಯೇ ಕೆಲವರು ಲೋಟ ಎತ್ತುತ್ತಿದ್ದರು. ಹೀಗೆ ನಾನು ದೊಡ್ಡವಳಾದೆ. ರೊಟ್ಟಿ ಬಡಿಯಲು ಕಲಿತೆ. ನನ್ನ ರೊಟ್ಟಿಗಳು ಚಂದ್ರನಂತೆ ದುಂಡಗೆ ಬರುತ್ತಿದ್ದವು ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾಯುವ ಸ್ವಭಾವ ನನ್ನದಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡಿದ್ದಾಗ ಅದು ನಡೆಯಿತು. ಸಂಕೇಶ್ವರದಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಬಂದ ಗಾಡಿಯವನೊಬ್ಬ ಮಧ್ಯಾಹ್ನ ನಮ್ಮಲ್ಲಿ ಉಂಡು ಹೋದ. ನೀಡಿದವಳು ನಾನೇ. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ವಾಂತಿ ಮಾಡಿಕೊಂಡು ಎಚ್ಚರ ತಪ್ಪಿ ಬಿದ್ದನಂತೆ. ಸೂರ್ಯ ಮುಳುಗಿ, ಒಲೆ ಆರಿಸಿ, ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಬಾಗಿಲಿಗೆ ಜನ ಬಂದು ನಿಂತರು. ಎಲ್ಲರಿಗೂ ಮುಂದೆ ಕಿರಾಣಿ ಅಂಗಡಿಯವನಿದ್ದ.

"ಕಾಕೂ, ಆ ಹುಡಿಗಿನ್ನ ಹೊರಗ ಕಳಿಸ್ರಿ. ಫೌಜದಾರ ಕಡೆ ಒಯ್ತೇವಿ."

"ಯಾಕ?"

"ಯಾಕ ಅಂತೀರಲ್ರಿ! ಗಾಡಿಯಾಂವ ಸಾಯಾಕತ್ತಾನ. ಅಪ್ಪ ಅವ್ವಂದು ಕೈಗುಣ ಎಲ್ಲಿ ಹೋಗತೈತಿ? ನಾವ ಆವತ್ತ ಹೇಳಿದ್ವಿ, ನೀವ ಕೇಳಲಿಲ್ಲ."

ಆ ಹಾಳು ಬಾವಿಯೇ ಬಾಯಿ ತೆರೆದಂತಾಯಿತು. ನಾನೇನೂ ಮಾಡಿಲ್ಲ ಎಂದು ಗೊತ್ತಿದ್ದರೂ ನನ್ನ ಕೈಗಳನ್ನು ನಾನೇ ನೋಡಿಕೊಂಡೆ. ಅವು ಅವ್ವನ ಕೈಗಳಂತೆಯೇ ಇದ್ದವು, ಉದ್ದ ಬೆರಳು, ತೆಳ್ಳನೆಯ ಮಣಿಕಟ್ಟು. ಫೌಜದಾರನ ತನಕ ನನ್ನನ್ನು ಮುಟ್ಟಿಸುವ ಜನ ಅವರಲ್ಲ, ದಾರಿಯಲ್ಲೇ ಬಡಿದು ಹಾಕುತ್ತಿದ್ದರು.

ಕಾಕೂ ಕಿವಿ ಜಗ್ಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಧ್ಯಾಹ್ನದ್ದು ಏನ ಉಳದೈತಿ?"

"ಆಕಳಿಗೆ ತಗದಿಟ್ಟ ಬ್ಯಾಳಿ, ರೊಟ್ಟಿ."

"ತಾ. ಗಾಡಿಯಾಂವಗ ಹೆಂಗ ನೀಡಿದ್ಯೋ ಹಂಗ ನನಗ ನೀಡು. ನೀರೂ ತಾ."

ಆಕೆ ಹೊಸ್ತಿಲಲ್ಲಿ, ಎಲ್ಲರಿಗೂ ಕಾಣುವಂತೆ, ಚಕ್ಕಳಮಕ್ಕಳ ಹಾಕಿ ಕುಳಿತಳು. ಆಗಲೇ ಎದುರಿನ ಕಚೇರಿಯಲ್ಲಿ ದೀಪ ಹಚ್ಚಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಕಾಕೂ, ಹೊತ್ತ ಮುಣಗೈತಿ."

"ನನಗೂ ಕಣ್ಣ ಅದಾವ. ನೀಡು."

ನೀಡಿದೆ. ಆಕೆ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಅವಸರವಿಲ್ಲದೆ ಅಗಿದಳು. ಒಂದು ತುತ್ತು ತಿಂದು ತೋರಿಸಿ ಏಳಬಹುದಿತ್ತು, ಏಳಲಿಲ್ಲ. ಮತ್ತೊಂದು ರೊಟ್ಟಿ ಕೇಳಿದಳು. ಬೇಳೆ ಮತ್ತೆ ಹಾಕಿಸಿಕೊಂಡಳು. ಗುಂಪಿನಲ್ಲಿದ್ದ ಬಸದಿಯ ಹಿರಿಯರೊಬ್ಬರು ಕಣ್ಣು ಒರೆಸಿಕೊಂಡು ಕೇಳಿದರು:

"ತಂಗೀ, ಜನ್ಮಾದ್ದು ವ್ರತ ಮುರದೆಲ್ಲವಾ!"

"ಮುರದೆ ಅಣ್ಣಾ. ಅದಕ್ಕ ಪ್ರಾಯಶ್ಚಿತ್ತ ಐತಿ, ನಾಳಿ ಬಸದಿಗೆ ಬಂದು ತಗೋತೇನಿ. ಈ ಪೋರಿ ಜೀವಾ ತಗದ ಮ್ಯಾಲೆ ನೀವೇನ ತಗೋತಿದ್ರಿ?"

ಲೋಟ ಎತ್ತಿ ನೀರು ಕುಡಿದಳು. ಆಮೇಲೆ ಅಂಗಡಿಯವನಿಗೆ ಹೇಳಿದಳು: "ನಾ ಇಲ್ಲೇ ಕುಂತೇನಿ. ನಾ ಸಾಯೂದ ನೋಡಬೇಕಾಗಿದ್ರ ನೀನೂ ಕುಂದರು." ಅವನು ಕೂರಲಿಲ್ಲ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಮರುದಿನ ಗಾಡಿಯವನು ತಾನೇ ನಡೆದುಕೊಂಡು ಬಂದ. ಬುತ್ತಿಯ ಹಳಸಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ನಮ್ಮ ಊಟದ ಮೇಲೆ ತಿಂದಿದ್ದನಂತೆ, ಪುಣ್ಯಾತ್ಮ! ನಡೆದದ್ದನ್ನೆಲ್ಲ ಕೇಳಿ ತಿಳಿದು, ಪಂಕ್ತಿಯಲ್ಲಿ ಕುಳಿತು, "ನೀನ ನೀಡ ತಂಗಿ" ಎಂದು ತಾಟು ನನ್ನ ಕಡೆ ಸರಿಸಿದ. ಕಾಕೂ ಅಂದು ಉಪವಾಸವಿದ್ದಳು. ಬಸದಿಯಲ್ಲಿ ಕೊಟ್ಟ ಪ್ರಾಯಶ್ಚಿತ್ತಕ್ಕೆ ತನ್ನದೂ ಒಂದಿಷ್ಟು ಸೇರಿಸಿ ಮಾಡಿದಳು. ಒಮ್ಮೆಯೂ ನನ್ನೆದುರು ಆ ಮಾತು ಎತ್ತಲಿಲ್ಲ. ನಾನು ಎತ್ತಿದರೆ, "ಆವತ್ತ ಬ್ಯಾಳಿಗೆ ಉಪ್ಪ ಕಡಿಮಿ ಬಿದ್ದಿತ್ತು, ಅದನ್ನಷ್ಟ ನೆನಪಿಟ್ಕೊ" ಎನ್ನುವಳು.

ಮುಂದೆ ಖಾನಾವಳಿಯನ್ನು ನನ್ನ ಕೈಗೇ ಬಿಟ್ಟಳು. ವಯಸ್ಸಾಗಿ ದೇಹ ಸೋತಾಗ, ತಮ್ಮವರ ಪದ್ಧತಿಯಂತೆ ಸಲ್ಲೇಖನ ವ್ರತ ಹಿಡಿದು ಮೊದಲು ಅನ್ನ ಬಿಟ್ಟಳು, ಆಮೇಲೆ ಹಾಲು ಬಿಟ್ಟಳು. ಉಳಿದದ್ದು ನೀರು ಮಾತ್ರ. ಅದನ್ನೂ ಬಿಡುವ ದಿನ ಹುಕ್ಕೇರಿಯಿಂದ ಆಕೆಯ ಅಣ್ಣನ ಮಕ್ಕಳು, ಸೊಸೆಯಂದಿರು ಬಂದು ಸುತ್ತ ಕುಳಿತಿದ್ದರು. ಹಿರಿಯ ಸೊಸೆ ಲೋಟಕ್ಕೆ ಕೈಹಾಕಿ ಹೇಳಿದಳು: "ಕಡೀ ನೀರ ಮನಿಯವರ ಕೈಲೆ ಆಗಬೇಕ್ರಿ." ನಾನು ಹಿಂದೆ ಸರಿದೆ. ಕಾಕೂನ ಕೈ ಎಡಗಿವಿಯ ಕಡೆ ಹೋಯಿತು.

"ನೀರ ಸೋಸಿದಾಕಿ ಆಕಿ. ಆಕಿ ಕೈಲೇ ಕುಡೀತೇನಿ."

ಹತ್ತಿರ ಹೋಗಿ ತಲೆ ಎತ್ತಿ ಹಿಡಿದೆ. ಆಕೆ ಕಿಟಕಿಯ ಕಡೆ ಕಣ್ಣು ಹೊರಳಿಸಿದಳು.

"ಹೊತ್ತ ಐತೇನು?"

"ಐತಿ ಕಾಕೂ. ಇನ್ನೂ ಬೇಕಾದಷ್ಟ ಐತಿ."

ಕುಡಿದಳು. "ಸಾಕವ್ವಾ" ಎಂದಳು. ಆಮೇಲೆ ಬಾಯಿಗೆ ಏನನ್ನೂ ತೆಗೆದುಕೊಳ್ಳಲಿಲ್ಲ. ಅವಳು ಹೋದ ಬೆಳಗ್ಗೆಯೂ ನಾನು ನೀರು ಸೇದಿ ಸೋಸಿ, ಅರಿವೆಯನ್ನು ಮಗುಚಿ, ಬಾವಿಗೆ ಮೆಲ್ಲಗೆ ಇಳಿಸಿ ಬಂದೆ. ಆಮೇಲೆಯೇ ಕುಳಿತು ಅತ್ತೆ.

ಚಿಕ್ಕಂದಿನಲ್ಲಿ ನನ್ನ ಕೈಯಿಂದ ನೀರು ಕುಡಿದವರು ಏನೂ ಗೊತ್ತಿಲ್ಲದೆ ಸತ್ತರು. ಅವರ ಮುಖಗಳು ಈಗಲೂ ಬರುತ್ತವೆ, ಬರಲಿ. ಆದರೆ ನಾನು ಯಾರ ಮಗಳೆಂದು ಎಲ್ಲ ಗೊತ್ತಿದ್ದವಳೊಬ್ಬಳು, ಬೇರೆ ಕೈಗಳನ್ನು ಸರಿಸಿ, ನನ್ನ ಕೈಯನ್ನೇ ಬೇಡಿ ಕುಡಿದು ಹೋದಳು.