ಒದೆಯದ ಕಾಲು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ಅಪ್ಪ ಇದ್ದಾನೆ ಎಂದು, ಆಮೇಲೆ ಮಕ್ಕಳು ಸಣ್ಣವರು ಎಂದು, ಆಮೇಲೆ ಇನ್ನು ಹೇಳಿ ಏನು ಉಪಯೋಗ ಎಂದು. ಈಗ ನನ್ನ ಹತ್ತಿರ ನೆವಗಳು ಉಳಿದಿಲ್ಲ.

ನೆನೆದರೆ ಮೊದಲು ಕಣ್ಣಿಗೆ ಬರುವುದು ಆಕೆಯ ಎಡಗಾಲು. ಅಗಲವಾದ ಪಾದ. ಹಿಮ್ಮಡಿ ಬೇಸಿಗೆಯ ಎರೆಹೊಲದ ಹಾಗೆ ಬಿರಿದು, ಆ ಬಿರುಕುಗಳಲ್ಲಿ ನೂಲಿನ ಕೆಂಪು ಬಣ್ಣ ಇಳಿದು ನಿಂತಿತ್ತು. ಆ ಕಾಲಿಗೆ ನಮ್ಮೂರು ಗಜೇಂದ್ರಗಡದಲ್ಲಿ ಅಷ್ಟೇ ಅಲ್ಲ, ನರೇಗಲ್ಲಿನವರೆಗೂ ಹೆಸರಿತ್ತು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಮೂರು ಸಲ ಮೆಲ್ಲಗೆ ಒದ್ದರೆ ಹಿಡಿದ ನಡ, ಉಳುಕಿದ ಕಾಲು ಬಿಡುತ್ತವೆ ಎಂದು ನಮ್ಮ ಕಡೆ ನಂಬಿಕೆ. ಆಕೆ ಹಾಗೆ ಹುಟ್ಟಿದವಳು.

ನೇಕಾರರ ಓಣಿಯಲ್ಲಿ ನಮ್ಮ ಮನೆ, ಅದರ ಎದುರಿಗೆ ಆಕೆಯದು. ಗಂಡ ಒಳಗೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಕುಣಿಮಗ್ಗದಲ್ಲಿ ಕೂತಿರುತ್ತಿದ್ದ, ಆಕೆ ಬಾಗಿಲಲ್ಲಿ ರಾಟಿಯ ಮುಂದೆ ನೂಲು ಸುತ್ತುತ್ತಿದ್ದಳು. ನೋವೆಂದು ಯಾರಾದರೂ ಬಂದರೆ ರಾಟಿ ನಿಲ್ಲಿಸಿ, ಅವರನ್ನು ಕಂಬಳಿಯ ಮೇಲೆ ಮಲಗಿಸಿ, ಗೋಡೆ ಹಿಡಿದುಕೊಂಡು ಮೂರು ಸಲ ಕಾಲು ತಾಗಿಸುತ್ತಿದ್ದಳು. ಆಮೇಲೆ ಕೆಳಗೆ ಕೂತು, ಮಲಗಿದವರನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ಕಾಲ ಹಚ್ಚೀನಿ, ಸಿಟ್ಟಾಗಬ್ಯಾಡ್ರಿ." ನಾಲ್ಕು ವರ್ಷದ ಕೂಸಿಗೂ ಹೀಗೇ. ಯಾರಾದರೂ ಏನಾದರೂ ಕೊಡಲು ಬಂದರೆ ನಗುತ್ತಿದ್ದಳು. "ಒದಿಸ್ಕೊಂಡವರು ಒದ್ದವರಿಗೆ ಆಯೇರಿ ಮಾಡೂದು ಎಲ್ಲೆರ ಐತೇನು?"

ಕನ್ನಡ ನಾಡು ಒಂದಾದ ಮರುವರ್ಷ ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ರೋಣದಲ್ಲಿ ನಡೆಯುವ ತಾಲೂಕಿನ ಒಂದು ಮೈಲಿ ಓಟ. ಹಿಂದಿನ ವರ್ಷ ಅದೇ ಓಟದ ಕೊನೆಯ ತಿರುವಿನಲ್ಲಿ, ನನ್ನ ತರಗತಿಯವನೇ ಆದ ಅರಿವೆ ಅಂಗಡಿ ಸಾಹುಕಾರರ ಮಗ ನನ್ನ ಅಂಗಿ ಹಿಡಿದು ಎಳೆದು ಕೆಡವಿದ್ದ. ಗೆದ್ದು ಬಂದು ಎಲ್ಲರ ಎದುರಿಗೆ ಅಂದಿದ್ದ: "ಕುಣ್ಯಾಗ ಕುಂತು ಮಗ್ಗ ತುಳೀರಲೇ, ಓಟ ನಿಮಗ್ಯಾಕ?" ನಮ್ಮ ಓಣಿಯ ಹುಡುಗರೂ ನಕ್ಕಿದ್ದರು. ಆ ನಗೆಯನ್ನು ನಾನು ಒಂದು ವರ್ಷ ಸಾಕಿದೆ. ದಿನಾ ನಸುಕಿನಲ್ಲಿ ಗುಡ್ಡದ ದಾರಿ ಹಿಡಿದು ಓಡುತ್ತಿದ್ದೆ. ಒಂದೊಂದು ಹೆಜ್ಜೆಗೂ ಅವನ ಮುಖವನ್ನು ತುಳಿಯುತ್ತಿದ್ದೆ.

ಓಟಕ್ಕೆ ಇನ್ನೊಂದು ತಿಂಗಳು ಇರುವಾಗ ಬಲಗಾಲಿನ ಹಿಮ್ಮಡಿಯ ಮೇಲಿನ ನರ ಹಿಡಿಯತೊಡಗಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವನ ಕಿವಿಗೆ ಬೀಳುತ್ತದಲ್ಲ!

ಓಟದ ವಾರ ಒಂದು ಮಧ್ಯಾಹ್ನ ಎದುರು ಮನೆಯ ಮುಂದೆ ಸಾಹುಕಾರರ ಬಂಡಿ ನಿಂತಿತು. ಮಗನ ಕಾಲು ಉಳುಕಿತ್ತಂತೆ. ನಮ್ಮ ಕಿಟಕಿಯಿಂದ ಎಲ್ಲವನ್ನೂ ನೋಡಿದೆ. ಆಕೆ ಮೂರು ಸಲ ಕಾಲು ತಾಗಿಸಿದಳು, ಅವನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವನು ಎದ್ದು ಎರಡು ಹೆಜ್ಜೆ ಕುಣಿದು ತೋರಿಸಿದ.

ಬಂಡಿ ಹೋದ ಕೂಡಲೇ ನಾನೂ ಹೋಗಿ ಕಂಬಳಿಯ ಮೇಲೆ ಬಿದ್ದುಕೊಂಡೆ. "ನನಗೂ ಒದಿ."

ಆಕೆ ಒದೆಯಲಿಲ್ಲ. ಕೂತು ಹೆಬ್ಬೆರಳಿನಿಂದ ನರ ಒತ್ತಿ ನೋಡಿದಳು. "ಮುಂಜಾನೆ ಏಳೂಮುಂದ ಭಾಳ ನೋಯ್ತೈತಿ, ಓಡಾಡಿದ ಮ್ಯಾಲ ಬಿಡತೈತಿ. ಹೌದಿಲ್ಲೊ?"

"ಹೌದು."

"ಇದು ಉಳುಕಲ್ಲೋ ತಮ್ಮಾ. ಇದು ಸವತ. ನನ್ನ ಕಾಲಿಗೆ ಬಗ್ಗೂದಲ್ಲ. ಸವದ ನೂಲ ಜಗ್ಗಿದ್ರ ಹರೀತೈತಿ. ಈ ವರ್ಷ ಓಡಬ್ಯಾಡ."

"ಅವಗ ಒದ್ದಿ, ನನಗ್ಯಾಕ ಒಲ್ಲಿ? ಅವನಽ ಗೆಲ್ಲಲಿ ಅಂತ ಮಾಡೀ ಏನು?"

ಆಕೆ ಸಿಟ್ಟಾಗಲಿಲ್ಲ. ಹಳೆಯ ಸೀರೆಯ ಅಂಚು ಹರಿದು ನನ್ನ ಕಾಲಿಗೆ ಬಿಗಿದು ಕಟ್ಟಿದಳು. "ಇದು ನಡ್ಯಾಕ ಮಾತ್ರ. ಓಡಾಕಲ್ಲ. ಸೇಡು ಮುಂದಿನ ವರ್ಷಕ್ಕೂ ಇರತೈತಿ, ಹಳಸೂದಿಲ್ಲ. ಕಾಲ ಹೋದ್ರ ಬರೂದಿಲ್ಲ."

ಮುಂದಿನ ವರ್ಷ ನಾನು ಶಾಲೆಯಲ್ಲಿ ಇರುವುದಿಲ್ಲ ಎಂಬುದು ಆಕೆಗೆ ಹೊಳೆದಿರಲಿಲ್ಲ. ಆದರೂ ರೋಣದ ಬಸ್ಸಿನಲ್ಲಿ ಕೂತಾಗ ಮನಸ್ಸು ಅರ್ಧ ಆಕೆಯ ಮಾತಿನ ಕಡೆಗೇ ಇತ್ತು. ಮೈದಾನದಲ್ಲಿ ಮಾಸ್ತರರು ಪಟ್ಟಿ ಹಿಡಿದು ಬಂದರು. "ಕುಂಟಾಕತ್ತಿಯಲ್ಲೋ? ಓಡ್ತೀಯೋ, ಹೆಸರ ಹೊಡದ ಹಾಕಲ್ಯೋ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಾಹುಕಾರರ ಮಗನ ದನಿ ಬಂತು: "ಕಾಲಿಗೆ ಸೀರಿ ಉಡಿಸ್ಯಾನಲ್ರಿ ಸರ, ನಾಚಿಕಿ ಬರತೈತಿ ಅದಕ್ಕ!"

"ಓಡ್ತೀನ್ರಿ," ಎಂದೆ.

ಮೈದಾನ ನಾಲ್ಕು ಸುತ್ತು. ಮೂರನೆಯ ಸುತ್ತಿನಲ್ಲಿ ಅವನನ್ನು ಹಿಂದೆ ಹಾಕಿದೆ. ಅವನ ಏದುಸಿರು ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ಎದೆ ಬೆಚ್ಚಗಾಗುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಹತ್ತಿಪ್ಪತ್ತು ಹೆಜ್ಜೆ ಮುಂದಿದ್ದೆ. ಆಗ ಯಾರೋ ಹಿಮ್ಮಡಿಗೆ ಕಲ್ಲಿನಿಂದ ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಹೊಡೆದಿರಲಿಲ್ಲ. ನೆಲದ ಮೇಲೆ ಬಿದ್ದಿದ್ದೆ. ಅವನು ನನ್ನನ್ನು ದಾಟಿ ಹೋದ.

ಮಾಸ್ತರರು ಓಡಿ ಬಂದು ಕಾಲಿನ ಪಟ್ಟಿ ಬಿಚ್ಚಿದರು. "ಯಾರಿಗೆ ತೋರಿಸಿದ್ಯೋ ಇದನ್ನ?"

ಸುತ್ತ ಜನ. ಅವರ ನಡುವೆ ಗೆದ್ದವನೂ ಇದ್ದ. ನನಗೆ ಯಾರನ್ನಾದರೂ ಕಚ್ಚಬೇಕಿತ್ತು. ಅವನು ಹಲ್ಲಿಗೆ ಸಿಗುತ್ತಿರಲಿಲ್ಲ.

"ಎದುರು ಮನಿಯಾಕಿ ಒದ್ದಳ್ರಿ. ಅವತ್ತಿಂದಽ ಕಾಲ ಕೆಟ್ಟಿತ್ರಿ."

ಆ ಸುಳ್ಳು ನನಗಿಂತ ಮೊದಲು ಊರು ಮುಟ್ಟಿತು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಇನ್ನಷ್ಟು ಕೂಡಿಸಿ ಹೇಳಿದೆ: ಸಾಹುಕಾರರು ಹೇಳಿ ಮಾಡಿಸಿದ್ದು ಎಂದೆ. ಒಂದೇ ಕಲ್ಲಿನಲ್ಲಿ ಇಬ್ಬರಿಗೂ ಪೆಟ್ಟು ಎಂದುಕೊಂಡಿದ್ದೆ. ಸಾಹುಕಾರರಿಗೆ ಏನೂ ಆಗಲಿಲ್ಲ. ಆಕೆಯ ಬಾಗಿಲಿಗೆ ಬರುವವರು ಮಾತ್ರ ನಿಂತರು. ನರೇಗಲ್ಲಿನಿಂದ ನಡ ಹಿಡಿದುಕೊಂಡು ಬಂದ ಮುದುಕನೊಬ್ಬನನ್ನು ಓಣಿಯ ಬಾಯಲ್ಲೇ ತಿರುಗಿಸಿ ಕಳಿಸಿದರು. ಕಾಲು ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ ನಾನು ಅದನ್ನು ನೋಡಿದೆ. ನನಗೆ ಹಿತವೆನಿಸಿತು. ಅದನ್ನೂ ಹೇಳಬೇಕು.

ಅವ್ವನಿಗೆ ಅನುಮಾನ ಬಂದು ಆಕೆಯನ್ನೇ ಕೇಳಿದಳಂತೆ, ಖರೇ ಒದ್ದಿದ್ದೇನು ಎಂದು. ಆಕೆ ರಾಟಿ ನಿಲ್ಲಿಸದೆ ಹೇಳಿದ್ದಿಷ್ಟು: "ಹುಡುಗನ ಕಾಲ ಹೋತು, ಅವನ ಮಾತಾದ್ರೂ ನಿಲ್ಲಲಿ ಬಿಡು."

ಮರುವರ್ಷ ಅವ್ವನ ನಡ ಹಿಡಿಯಿತು. ಎಂಟು ದಿನ ಹೊರಳಲಾಗಲಿಲ್ಲ. ಒಂಬತ್ತನೆಯ ದಿನ ಅಪ್ಪ ತಲೆ ಬಗ್ಗಿಸಿಕೊಂಡು ಎದುರು ಮನೆಗೆ ಹೋದ. ಆಕೆ ಕೂಡಲೇ ಬಂದಳು. ಮೂರು ಸಲ ಕಾಲು ತಾಗಿಸಿ, ಅವ್ವನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತಿದ್ದ ನನ್ನ ಮುಂದೆ ನಿಂತಳು. ಬಗ್ಗಿ, ಸಣಕಲಾಗಿದ್ದ ನನ್ನ ಬಲಗಾಲನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು.

"ನಾ ಒದ್ದೀನಿ ಅಂತ ಊರೆಲ್ಲ ಅಂತೈತಿ, ತಮ್ಮಾ. ಒದ್ದ ಮ್ಯಾಲ ಕೇಳಬೇಕಲ್ಲ? ಸಿಟ್ಟಾಗಬ್ಯಾಡ."

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅಷ್ಟೇ ನಾನು ಮಾಡಿದ್ದು.

ಆಕೆ ತೀರಿಕೊಂಡ ದಿನ ಓಣಿಯವರೆಲ್ಲ ಸಾಲಾಗಿ ಬಂದು ಆ ಪಾದಗಳನ್ನು ಮುಟ್ಟಿದರು. ಹೀಗೆ ಕೊನೆಯ ದಿನ ಆ ಕಾಲಿಗೆ ಮತ್ತೆ ಜನ ಬಂದರು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಮುಂದೆ ಹೋಗಲು ನನಗೆ ಕಾಲು ಬರಲಿಲ್ಲ.

ಮಾಸ್ತರರಿಗೆ ಅವರ ಕೊನೆಗಾಲದಲ್ಲಿ ಹೇಳಿ ತಪ್ಪಾಯಿತು ಎಂದೆ. ಸಾಹುಕಾರರ ಮಗನನ್ನೂ ರೋಣದ ಸಂತೆಯಲ್ಲಿ ನಿಲ್ಲಿಸಿ ಕೇಳಿಕೊಂಡೆ. ಹಲ್ಲಿಲ್ಲದ ಬಾಯಿ ಬಿಟ್ಟು ಅವನು, "ಯಾವ ಓಟಲೇ?" ಎಂದ. ಅಪ್ಪ ತೀರಿದ ಮೇಲೆ ಅವ್ವನಲ್ಲಿ, ದೇವರಲ್ಲಿ ಕೇಳಿದ್ದೇನೆ. ರೋಣದ ಮೈದಾನದಲ್ಲಿ ಸುಳ್ಳು ಹೇಳಿದ ದಿನದಿಂದ ನಾನು ಆಕೆಯನ್ನು, ಚಿಕ್ಕಂದಿನಿಂದ ಕರೆಯುತ್ತಿದ್ದ ಹಾಗೆ, ಒಮ್ಮೆಯೂ ಕರೆಯಲಿಲ್ಲ. ಇಲ್ಲಿಯೂ ಇಷ್ಟು ಹೊತ್ತು ಆಕೆ, ಆಕೆ ಎಂದೇ ಬರೆದೆ.

ನಾನು ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನೇ: ಎದುರು ಮನೆಯ ನನ್ನ ದೊಡ್ಡವ್ವನನ್ನು.