ತಕ್ಕಡಿಯ ಮುಳ್ಳು

ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದ ನನ್ನ ಗಂಡ, ಮಿಲ್ ಕ್ರೀಕ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ರೈಫಲ್ಲಿನ ತೋಟಾಗಳಿಗೆ ತುಂಬುವ ಮದ್ದನ್ನು ಮಾತ್ರ ಕಾಳು ಕಾಳಾಗಿ ತೂಗುತ್ತಿದ್ದರು. ಅಂಗಡಿಯ ತೋಟಾ ಅವರಿಗೆ ಆಗುತ್ತಿರಲಿಲ್ಲ. ದೂರದ ಜಿಂಕೆಗೆ ಗುರಿಯಿಡುವಾಗ ಮದ್ದು ಒಂಚೂರು ಹೆಚ್ಚುಕಮ್ಮಿಯಾದರೂ ಗುಂಡು ಹೊಟ್ಟೆಗೆ ಬಿದ್ದು ಪ್ರಾಣಿ ನರಳುತ್ತದೆ ಎನ್ನುತ್ತಿದ್ದರು. ನಾನು ಕಾಫಿ ಹಿಡಿದು ಹೋದರೆ ಸಿಡುಕುತ್ತಿದ್ದರು.

“ಸ್ವಲ್ಪ ಉಸಿರು ಹಿಡ್ಕೊಳ್ಳೇ, ತಕ್ಕಡಿ ಮುಳ್ಳು ಅಲ್ಲಾಡ್ತಿದೆ.”

“ಉಸಿರಾಡೋಕೂ ನಿಮ್ಮ ಪರ್ಮಿಷನ್ ಬೇಕೇನ್ರೀ?” ಎಂದು ಲೋಟ ಕುಕ್ಕಿ ಬರುತ್ತಿದ್ದೆ.

ಒಂದು ಮಧ್ಯಾಹ್ನ, ಆಫೀಸಿನ ಮೀಟಿಂಗಿನ ನಡುವೆಯೇ ಅವರ ಹೃದಯ ನಿಂತುಹೋಯಿತು.

ಕೆಲವು ತಿಂಗಳಾದ ಮೇಲೆ ರೈಫಲ್ ಮಾರಲು ಹೋದೆ. ಅಂಗಡಿಯವನು ಅದನ್ನು ಇಟ್ಟುಕೊಂಡು, ತೋಟಾಗಳ ಡಬ್ಬಿಯನ್ನು ನನ್ನ ಕಡೆಗೇ ತಳ್ಳಿದ. ಒಬ್ಬರು ಕೈಯಾರೆ ತುಂಬಿದ್ದನ್ನು ಇನ್ನೊಬ್ಬರು ಹಾರಿಸುವುದಿಲ್ಲವಂತೆ, ಅಪಾಯವಂತೆ. ಬಿಚ್ಚಿ, ಮದ್ದನ್ನು ಹುಲ್ಲಿನ ಮೇಲೆ ಚೆಲ್ಲಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಅಷ್ಟು ನಾಜೂಕಾಗಿ ತೂಗಿದ ಮನುಷ್ಯನನ್ನು ನಂಬದವರು ಇನ್ಯಾರನ್ನು ನಂಬುತ್ತಾರೆ?

ಗ್ಯಾರೇಜಿನಲ್ಲಿ ಅವರ ಸ್ಟೂಲಿನ ಮೇಲೆ ಕೂತು, ಕೆಟ್ಟ ತೋಟಾ ಬಿಚ್ಚಲು ಅವರು ಇಟ್ಟುಕೊಂಡಿದ್ದ ಸುತ್ತಿಗೆಯಂಥದ್ದರಿಂದ ಕುಟ್ಟಿ ಕುಟ್ಟಿ ಮೊದಲನೆಯದನ್ನು ಬಿಚ್ಚಿದೆ. ತಕ್ಕಡಿ ಅವರು ಕೊನೆಗೆ ಹೊಂದಿಸಿದ್ದ ತೂಕದಲ್ಲೇ ಇತ್ತು. ಚೆಲ್ಲುವ ಮೊದಲು ಮದ್ದನ್ನು ಅದರ ತಟ್ಟೆಗೆ ಸುರಿದೆ. ಅವರ ಲೆಕ್ಕ ಸರಿಯಿತ್ತೆಂದು ನಾನಾದರೂ ಕಣ್ಣಾರೆ ನೋಡಬೇಕಿತ್ತು.

ಉಸಿರು ಬಿಗಿಹಿಡಿದೆ. ಆದರೂ ಅಳು ನಿಲ್ಲಲಿಲ್ಲ, ಮುಳ್ಳೂ ನಿಲ್ಲಲಿಲ್ಲ.