ಬರೆಯುವ ಬಾಗಿಲಿಗೆ ಕಾವಲಿಟ್ಟವರು

ಸ್ಕೀಮ್ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಸ್ತುಗಳನ್ನು ಪ್ರತಿನಿಧಿಸುವ ಆಬ್ಜೆಕ್ಟ್‌ಗಳ ವ್ಯವಸ್ಥೆಯೊಂದನ್ನು ಕಟ್ಟಿ, ಮೂವತ್ತೊಂದು ವರ್ಷ ಅದನ್ನು ಕಲಿಸಿ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಈ ಕ್ಷೇತ್ರದಲ್ಲಿ ಮೊದಲ ಸಾಲಿನವರು. ಅವರನ್ನು ಕೊಂಡಾಡುವ ಅರ್ಹತೆ ಇದನ್ನು ಬರೆಯುತ್ತಿರುವ ಶಿಷ್ಯನಿಗೆ ಎಷ್ಟಿದೆಯೆಂಬುದನ್ನು ಓದುಗರೇ ತೀರ್ಮಾನಿಸಬೇಕು.

ಮೊದಲ ವರ್ಷ ಅವನು ಜ್ವರದಲ್ಲಿ ನಡುಗುತ್ತಲೇ ತರಗತಿಗೆ ಬಂದಾಗ, ತಮ್ಮ ಶಾಲು ಹೊದಿಸಿ, ಪಕ್ಕದಲ್ಲಿ ಕುಳಿತು ಪಾಠ ಹೇಳಿದವರು ಅವರು. ಅಂದಿನ ಪಾಠವಿದು: ‘ತಾಪ’ ಎಂಬ ಒಂದೇ ಹೆಸರಿಗೆ ಒಲೆಯೂ ಶೀತಲಕೋಣೆಯೂ ತಂತಮ್ಮ ರೀತಿಯಲ್ಲಿ ಓಗೊಡುವುದೇ ಜೆನೆರಿಕ್ ಫಂಕ್ಷನ್. ಆ ತಾಪವನ್ನು ಬದಲಿಸುವ ಸೆಟರ್ ಕೂಡ ಜೆನೆರಿಕ್ ಆಗಿಯೇ ಇರಬೇಕೆಂಬುದು ಅವರ ಹಟ. ಆಗ, ಕೊಟ್ಟ ಅಂಕಿ ತನಗೆ ತಕ್ಕದ್ದೇ ಎಂದು ಒಲೆಯೂ ಕೋಣೆಯೂ ಮೊದಲೇ ಪರೀಕ್ಷಿಸಬಲ್ಲವು.

“ಓದೋಕೆ ಯಾರು ಬೇಕಾದ್ರೂ ಬರಲಿ. ಬರೆಯೋಕೆ ಬಂದವರನ್ನ ಮಾತ್ರ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಬೇಕಪ್ಪ.”

ಮುಂದೆ ಶಿಷ್ಯನು ಅವರ ಸಹೋದ್ಯೋಗಿಯಾದ. ಸಸ್ಯವಿಜ್ಞಾನಿಯೊಬ್ಬರು ಬೀಜಗಳನ್ನು ತಣ್ಣಗೆ ಕಾಪಿಡುತ್ತಿದ್ದ ಬೀಜಾಗಾರದ ತಾಪವನ್ನು ನಿಯಂತ್ರಿಸುವ ಪ್ರೋಗ್ರಾಂ ಅವನ ಪಾಲಿಗೆ ಬಂತು. ಸೆಟರ್‌ನ ವಿಚಾರಣೆಯಿಂದ ವೇಗ ತಗ್ಗುತ್ತದೆಂದು, ಯಾರಿಗೂ ಹೇಳದೆ, ಅದನ್ನು ತಪ್ಪಿಸಿ ಅಂಕಿಯನ್ನು ನೇರವಾಗಿ ಒಳಗೆ ಬರೆಯುವ ಸಾಲೊಂದನ್ನು ಸೇರಿಸಿಬಿಟ್ಟ. ರಜೆಯ ಮುನ್ನಾದಿನ ಸಿಬ್ಬಂದಿಯೊಬ್ಬರು ನಾಲ್ಕು ಡಿಗ್ರಿಯ ಜಾಗದಲ್ಲಿ ನಲವತ್ತು ಒತ್ತಿದರು. ಬಾಗಿಲಲ್ಲಿ ನಿಲ್ಲಿಸಿ ಕೇಳುವವರಿರಲಿಲ್ಲ. ಮೂರು ದಿನ ಕಳೆದು ಬಾಗಿಲು ತೆಗೆದಾಗ ಆ ವಿಜ್ಞಾನಿ ಹತ್ತೊಂಬತ್ತು ವರ್ಷ ಕೂಡಿಹಾಕಿದ್ದ ಬೀಜಗಳಲ್ಲಿ ಮುಕ್ಕಾಲು ಪಾಲು ಸತ್ತಿದ್ದವು.

ವಿಚಾರಣಾ ಸಮಿತಿಯ ಮುಂದೆ ಮೇಡಂ ಎದ್ದುನಿಂತು, “ವ್ಯವಸ್ಥೆ ನನ್ನದು, ಹೊಣೆಯೂ ನನ್ನದೇ,” ಎಂದರು. ಶಿಷ್ಯನು ಕುಳಿತಲ್ಲಿಂದ ಏಳಲಿಲ್ಲ. ಅವರು ವಿಭಾಗದ ಮುಖ್ಯಸ್ಥೆಯ ಸ್ಥಾನ ಕಳೆದುಕೊಂಡರು. ಮರುವರ್ಷ ಅದು ಇವನಿಗೇ ಬಂತು. ಮೊದಲು ಬಂದು ಕೈಕುಲುಕಿದವರೂ ಅವರೇ. ಆಮೇಲೆ ಎರಡು ವರ್ಷ, ಪ್ರತಿ ಶನಿವಾರ, ಆ ವಿಜ್ಞಾನಿಯ ಜೊತೆ ಕುಳಿತು ಬದುಕುಳಿದ ಬೀಜಗಳನ್ನು ಆರಿಸಿಕೊಟ್ಟರು.

ಹೋದ ತಿಂಗಳು, ಹನ್ನೆರಡು ವರ್ಷಗಳ ನಂತರ, ಅವನು ಅವರ ಕೋಣೆಗೆ ಹೋದ. ಕಪಾಟು ಅರ್ಧ ಖಾಲಿಯಾಗಿತ್ತು.

“ಮೇಡಂ, ಆ ಸಾಲು ಬರೆದವನು ನಾನು.”

“ಗೊತ್ತಿತ್ತು. ನಿನ್ನ ಕೈ ನಾನೇ ತಿದ್ದಿದ್ದಲ್ವಾ?”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ,” ಎಂದು ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು.

ಈ ಮಾತು ಅಚ್ಚಾಗುವ ಹೊತ್ತಿಗೆ ಶಿಷ್ಯನು ಮುಖ್ಯಸ್ಥನ ಸ್ಥಾನವನ್ನು ಬಿಟ್ಟಿರುತ್ತಾನೆ. ಅದನ್ನು ಅವರಿಗೆ ಹಿಂದಿರುಗಿಸುವ ಕಾಲ ಮಾತ್ರ ಮೀರಿದೆ. ಮೇಡಂ ನೂರು ವರ್ಷ ಬಾಳಲಿ, ಸೆಟರ್‌ಗಳ ಕುರಿತ ಅವರ ಗ್ರಂಥ ಪೂರ್ತಿಯಾಗಲಿ, ಅದರ ಕರಡು ತಿದ್ದುವ ಕೆಲಸಕ್ಕಾದರೂ ಅವರು ಇವನನ್ನು ಕರೆಯಲಿ.